ಔಷಧಿಯೇ ಮುಳುವಾದಾಗ

ನಮ್ಮ ಹೊಟ್ಟೆಯ ಬಲಮೇಲ್ಭಾಗದಲ್ಲಿ, ಪಕ್ಕೆಲುಬುಗಳ ಮರೆಯಲ್ಲಿ ಸುಮಾರು ಒಂದೂವರೆ ಕಿಲೋ ತೂಕದ ಯಕೃತ್ತು ಇದೆ. ಇದಕ್ಕೆ ಪಿತ್ತಜನಕಾಂಗವೆಂದೂ ಹೆಸರು. ಪಿತ್ತರಸವನ್ನು ತಯಾರಿಸುವುದು, ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನುಗಳನ್ನು ಒದಗಿಸುವುದು, ವಿಷವಸ್ತುಗಳನ್ನು ನಿರಪಾಯಗೊಳಿಸುವುದು ಇದರ ಕೆಲಸ. ನಾವು ನುಂಗುವ ಗುಳಿಗೆಗಳು ಬಹುಪಾಲು ಇಲ್ಲಿಯೇ ಮಾರ್ಪಾಡು ಹೊಂದುತ್ತವೆ. ಆದುದರಿಂದಲೇ ಕೆಲವು ಔಷಧಿಗಳ ಪೆಟ್ಟು ಯಕೃತ್ತಿಗೆ ತಗಲುತ್ತದೆ.

ಜ್ವರದ ಪ್ಯಾರಾಸಿಟಮಾಲ್ ಮಿತಿಯಲ್ಲಿ ಒಳ್ಳೆಯದು. ಮಿತಿ ಮೀರಿದರೆ ಯಕೃತ್ತಿನ ಜೀವಕೋಶಗಳನ್ನು ಕೊಲ್ಲುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ಹರ್ಷದ್ ದೇವರಭಾವಿ ಮತ್ತು ಸಂಗಡಿಗರು 1997ರಿಂದ 2008ರವರೆಗೆ ಔಷಧಿಯಿಂದ ಯಕೃತ್ತು ಕೆಟ್ಟ 313 ರೋಗಿಗಳನ್ನು ಅಭ್ಯಸಿಸಿದರು. ಅವರಲ್ಲಿ ನೂರಕ್ಕೆ 58 ಮಂದಿಗೆ ಕ್ಷಯರೋಗದ ಗುಳಿಗೆಗಳೇ ಕಾರಣವಾಗಿದ್ದವು. ಒಟ್ಟು ರೋಗಿಗಳಲ್ಲಿ ನೂರಕ್ಕೆ 17 ಮಂದಿ ತೀರಿಕೊಂಡರು.

ಯಕೃತ್ತು ಹಠಾತ್ತನೆ ಸೋತರೆ ಕಾಮಾಲೆ ಏರುತ್ತದೆ, ರಕ್ತ ಹೆಪ್ಪುಗಟ್ಟುವುದಿಲ್ಲ, ವಿಷವಸ್ತುಗಳು ಮಿದುಳನ್ನು ಮುಟ್ಟಿ ರೋಗಿಯ ಪ್ರಜ್ಞೆ ಮಸಕಾಗುತ್ತದೆ. ಆಗ ನೆರವಾಗುವ ಒಂದು ಚಿಕಿತ್ಸೆ ಪ್ಲಾಸ್ಮಾ ವಿನಿಮಯ. ರಕ್ತಕಣಗಳು ತೇಲುವ ನಸುಹಳದಿ ದ್ರವವೇ ಪ್ಲಾಸ್ಮಾ. ಯಂತ್ರವು ರೋಗಿಯ ರಕ್ತದಿಂದ ಪ್ಲಾಸ್ಮಾವನ್ನು ಬೇರ್ಪಡಿಸಿ ತೆಗೆಯುತ್ತದೆ; ಕಣಗಳನ್ನು ದಾನಿಗಳ ಪ್ಲಾಸ್ಮಾದೊಡನೆ ದೇಹಕ್ಕೆ ಹಿಂದಿರುಗಿಸುತ್ತದೆ. ಕೊಳೆ ಹೋಗುತ್ತದೆ, ಕೊರತೆಯಾದ ಪ್ರೋಟೀನು ಬರುತ್ತದೆ.

ಯುರೋಪಿನಲ್ಲಿ 182 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲ 2016ರಲ್ಲಿ ಪ್ರಕಟವಾಯಿತು. ಮೂರು ದಿನ ಹೆಚ್ಚು ಪ್ರಮಾಣದಲ್ಲಿ ಪ್ಲಾಸ್ಮಾ ಬದಲಿಸಿದವರಲ್ಲಿ ನೂರಕ್ಕೆ ಸುಮಾರು 59 ಮಂದಿ ಬದುಕಿ ಮನೆಗೆ ಹೋದರು. ಸಾಮಾನ್ಯ ಚಿಕಿತ್ಸೆ ಮಾತ್ರ ಪಡೆದವರಲ್ಲಿ 48 ಮಂದಿ. ಆದರೆ ಇದು ಯಕೃತ್ತನ್ನು ನೇರವಾಗಿ ಗುಣಪಡಿಸುವುದಿಲ್ಲ. ಅದು ತಾನಾಗಿ ಚೇತರಿಸಿಕೊಳ್ಳಲು, ಇಲ್ಲವೇ ಕಸಿ ಮಾಡಲು ಕಾಲಾವಕಾಶ ಕೊಡುತ್ತದೆ. ಪ್ಯಾರಾಸಿಟಮಾಲ್ ವಿಷಕ್ಕೆ ಅಸಿಟೈಲ್‌ಸಿಸ್ಟೀನ್ ಎಂಬ ಪ್ರತ್ಯೌಷಧವನ್ನು ಬೇಗ ಕೊಡುವುದೇ ಮುಖ್ಯ.

ಇಂಥ ಚಿಕಿತ್ಸೆ ದೊಡ್ಡ ಆಸ್ಪತ್ರೆಗಳಲ್ಲಿ ಮಾತ್ರ ಸಾಧ್ಯ. ಜಹೀರಾಬಾದ್, ನಾರಾಯಣಖೇಡ, ತಾಂಡೂರಿನವರಿಗೆ ಹೈದರಾಬಾದಿನ ದಾರಿ ದೂರ. ಆದುದರಿಂದ ಮುನ್ನೆಚ್ಚರಿಕೆಯೇ ನಮ್ಮ ಕೈಯಲ್ಲಿರುವ ಚಿಕಿತ್ಸೆ. ಗುಳಿಗೆ ಸೇವಿಸುತ್ತಿರುವವರಿಗೆ ವಾಂತಿ, ಹಸಿವಿಲ್ಲದಿರುವಿಕೆ, ಕಡುಬಣ್ಣದ ಮೂತ್ರ, ಹಳದಿ ಕಣ್ಣು ಕಂಡರೆ ಅದೇ ದಿನ ವೈದ್ಯರಿಗೆ ತೋರಿಸಬೇಕು. ನಾಟಿಮದ್ದು ನಂಬಿ ವಾರ ಕಳೆಯಬಾರದು. ಹಾಗೆಂದು ಕ್ಷಯರೋಗಿಗಳು ಹೆದರಿ ಗುಳಿಗೆ ಬಿಡಲೂಬಾರದು. ಬಿಟ್ಟ ರೋಗವೂ ಕೊಲ್ಲುತ್ತದೆ. ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ಮುಂದುವರಿಸಬೇಕು ಎಂಬುದನ್ನು ವೈದ್ಯರೇ ಹೇಳಲಿ.

ವಿದ್ಯಾರ್ಥಿಗಳೇ, ಓದು ಬಾರದ ಹಿರಿಯರಿಗೆ ಗುಳಿಗೆ ಚೀಟಿಯನ್ನು ಓದಿ ಹೇಳಿರಿ. ಅತಿಯಾದರೆ ಅಮೃತವೂ ವಿಷವೆಂಬ ಹಿರಿಯರ ಮಾತು ಮನೆಯ ಔಷಧಿ ಡಬ್ಬಿಗೂ ಸಲ್ಲುತ್ತದೆ.