ಆಲ್ಪ್ಸ್ ತಪ್ಪಲಿನಲ್ಲಿ ಸೈಕಲ್ ಪ್ರವಾಸ

 

ಭೂಗೋಳ ಪಾಠದಲ್ಲಿ ನಾವು ಆಲ್ಪ್ಸ್ ಪರ್ವತದ ಹೆಸರು ಓದಿದ್ದೇವೆ. ಅದು ಯುರೋಪಿನಲ್ಲಿದೆ, ಮೇಲೆ ಹಿಮ ಇದೆ, ಅಷ್ಟು ಬರೆದರೆ ಮಾರ್ಕು ಸಿಗ್ತದೆ. ಆದರೆ ಆ ಪರ್ವತದ ಬುಡದಲ್ಲಿ ಸೈಕಲ್ ತುಳಿದುಕೊಂಡೇ ವಾರಗಟ್ಟಲೆ ಪ್ರವಾಸ ಮಾಡುವ ಜನ ಇದ್ದಾರೆ. ಅದಕ್ಕಾಗಿಯೇ ಗುರುತು ಮಾಡಿದ ದಾರಿಗಳೂ ಇವೆ. ಅಂಥ ಒಂದು ದಾರಿಯ ವಿಷಯ ಈ ಸಲದ ಗೋಡೆ ಪತ್ರಿಕೆಗೆ ಬರೆದಿದ್ದೇನೆ. ಇದರಲ್ಲಿ ಭೂಗೋಳ, ವಿಜ್ಞಾನ, ಗಣಿತ ಮೂರೂ ಬರುತ್ತವೆ.

1. ದಾರಿ ಎಲ್ಲಿಂದ ಎಲ್ಲಿಗೆ?

ಜರ್ಮನಿ ದೇಶದ ಆಗ್ನೇಯ ಭಾಗಕ್ಕೆ ಬವೇರಿಯಾ ಎಂದು ಹೆಸರು. ಅದರ ಪಶ್ಚಿಮ ಮೂಲೆಯಲ್ಲಿ ಬೋಡನ್‌ಜೇ ಎಂಬ ದೊಡ್ಡ ಸರೋವರ ಇದೆ. ಜರ್ಮನ್ ಭಾಷೆಯಲ್ಲಿ 'ಜೇ' ಅಂದ್ರೆ ಸರೋವರ. ಇದರ ವಿಸ್ತೀರ್ಣ ಸುಮಾರು 536 ಚದರ ಕಿ.ಮೀ., ಆಳ ಸುಮಾರು 250 ಮೀಟರ್. ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್ ಈ ಮೂರೂ ದೇಶಗಳು ಇದರ ದಡದಲ್ಲಿವೆ. ಒಂದೇ ಕೆರೆಗೆ ಮೂರು ದೇಶದವರು ನೀರಿಗೆ ಬರುವ ಹಾಗೆ!

ಈ ಸರೋವರದ ಲಿಂಡಾವ್ ಎಂಬ ಊರಿನಿಂದ ದಾರಿ ಹೊರಡುತ್ತದೆ. ಆಲ್ಪ್ಸ್ ಪರ್ವತವನ್ನು ಬಲಗಡೆಗೆ ಇಟ್ಟುಕೊಂಡು ಪೂರ್ವಕ್ಕೆ ಸಾಗಿ, ಕ್ಯೋನಿಗ್ಸ್‌ಜೇ ಎಂಬ ಇನ್ನೊಂದು ಸರೋವರದ ಹತ್ತಿರ ಮುಗಿಯುತ್ತದೆ. ಉದ್ದ 400 ಕಿ.ಮೀ.ಗಿಂತ ಸ್ವಲ್ಪ ಹೆಚ್ಚು. ದಿನಕ್ಕೆ 60 ಕಿ.ಮೀ. ತುಳಿದರೆ ಸುಮಾರು ಒಂದು ವಾರ ಬೇಕಾಗ್ತದೆ.

2. ದಾರಿಯಲ್ಲಿ ಏನೇನು ಸಿಗುತ್ತದೆ?

ಲಿಂಡಾವ್ ಬಿಟ್ಟು ಮೇಲೆ ಹತ್ತಿದರೆ ಹುಲ್ಲುಗಾವಲು, ಹಸುಗಳು, ಡೇರಿಗಳು. ಸ್ವಲ್ಪ ದೂರ ಹೋದ ಮೇಲೆ ಒಂದು ವಿಶೇಷವಾದ ಜಾಗ ಬರುತ್ತದೆ. ಅಲ್ಲಿ ಪಶ್ಚಿಮದ ಇಳಿಜಾರಿಗೆ ಬಿದ್ದ ಮಳೆ ನೀರು ಬೋಡನ್‌ಜೇಗೆ ಸೇರಿ, ರೈನ್ ನದಿಯ ಜೊತೆ ಉತ್ತರ ಸಮುದ್ರಕ್ಕೆ ಹೋಗುತ್ತದೆ. ಪೂರ್ವದ ಇಳಿಜಾರಿಗೆ ಬಿದ್ದ ನೀರು ಇಲ್ಲರ್ ನದಿಗೆ ಸೇರಿ, ಡ್ಯಾನ್ಯೂಬ್ ನದಿಯ ಜೊತೆ ಕಪ್ಪು ಸಮುದ್ರಕ್ಕೆ ಹೋಗುತ್ತದೆ. ನಮ್ಮ ಪಶ್ಚಿಮ ಘಟ್ಟದಲ್ಲಿ ಒಂದು ಕಡೆಯ ನೀರು ಅರಬ್ಬೀ ಸಮುದ್ರಕ್ಕೆ, ಇನ್ನೊಂದು ಕಡೆಯದು ಬಂಗಾಳ ಕೊಲ್ಲಿಗೆ ಹೋಗುವುದಿಲ್ಲವೇ, ಹಾಗೆಯೇ. ಇದಕ್ಕೆ ಜಲವಿಭಾಜಕ ಎಂದು ಹೆಸರು.

ಮುಂದೆ ಲೇಖ್ ನದಿಯ ದಡದಲ್ಲಿ ಫ್ಯೂಸೆನ್ ಊರು. ಅದರ ಹತ್ತಿರ ನೊಯ್‌ಶ್ವಾನ್‌ಸ್ಟೈನ್ ಅರಮನೆ ಇದೆ. ಎರಡನೇ ಲುಡ್ವಿಗ್ ರಾಜ ಇದರ ಕೆಲಸ 1869ರಲ್ಲಿ ಶುರು ಮಾಡಿಸಿದ. 1886ರಲ್ಲಿ ಅವನು ಸತ್ತಾಗಲೂ ಕೆಲಸ ಮುಗಿದಿರಲಿಲ್ಲ. 2025ರಲ್ಲಿ ಇದು ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಪಕ್ಕದಲ್ಲೇ ಫೊರ್ಗೆನ್‌ಜೇ. ಇದು ದೇವರು ಮಾಡಿದ ಸರೋವರ ಅಲ್ಲ, ಲೇಖ್ ನದಿಗೆ ಅಣೆಕಟ್ಟು ಕಟ್ಟಿ 1954ರಲ್ಲಿ ತುಂಬಿಸಿದ್ದು. ಫೊರ್ಗೆನ್ ಎಂಬ ಹಳ್ಳಿ ಇದರಲ್ಲಿ ಮುಳುಗಿತು, ಅದರ ಹೆಸರೇ ಸರೋವರಕ್ಕೆ ಉಳಿಯಿತು. ನಮ್ಮ ಶರಾವತಿ ಹಿನ್ನೀರಿನಲ್ಲಿ ಊರುಗಳು ಮುಳುಗಿದ ಕಥೆ ದೊಡ್ಡವರಿಂದ ಕೇಳಿದವರಿಗೆ ಇದು ಅರ್ಥ ಆಗ್ತದೆ. ಚಳಿಗಾಲದಲ್ಲಿ ಈ ಸರೋವರವನ್ನು ಖಾಲಿ ಮಾಡುತ್ತಾರೆ.

ಆಮೇಲೆ ಇಸಾರ್ ನದಿ, ಟೇಗರ್ನ್‌ಜೇ, ಇನ್ ನದಿ, ಕೀಮ್‌ಜೇ ಹೀಗೆ ಒಂದಾದ ಮೇಲೊಂದು ಬರುತ್ತವೆ. ಕೀಮ್‌ಜೇ ಸುಮಾರು 80 ಚದರ ಕಿ.ಮೀ. ಇದೆ. ಅಲ್ಲಿಯ ಜನ ಅದನ್ನು ಪ್ರೀತಿಯಿಂದ 'ಬವೇರಿಯಾದ ಸಮುದ್ರ' ಅಂತಾರೆ. ಕೊನೆಯ ಕ್ಯೋನಿಗ್ಸ್‌ಜೇ ಎರಡು ಬಂಡೆ ಬೆಟ್ಟಗಳ ನಡುವೆ ಇರುವ ಕಿರಿದಾದ ಆಳದ ಸರೋವರ, ಸುಮಾರು 190 ಮೀಟರ್ ಆಳ. ಅಲ್ಲಿ 1909ರಿಂದಲೂ ಪ್ರಯಾಣಿಕರ ದೋಣಿಗಳು ವಿದ್ಯುತ್ತಿನಿಂದ ಓಡುತ್ತಿವೆ. ಅದರಿಂದ ಹೊಗೆ ಇಲ್ಲ, ಗಲಾಟೆಯೂ ಇಲ್ಲ.

3. ಇಷ್ಟೊಂದು ಸರೋವರ ಹೇಗೆ ಆದವು?

ಸುಮಾರು 20,000 ವರ್ಷಗಳ ಹಿಂದೆ ಹಿಮಯುಗ ಇತ್ತು. ಆಗ ಆಲ್ಪ್ಸ್‌ನಿಂದ ದಪ್ಪ ಹಿಮನದಿಗಳು ಬಯಲಿನ ತನಕ ಇಳಿದು ಬಂದಿದ್ದವು. ಅವು ನೆಲವನ್ನು ಕೆರೆದು ಹಳ್ಳ ಮಾಡಿದವು, ಕೆರೆದ ಮಣ್ಣು ಕಲ್ಲನ್ನು ಅಂಚಿಗೆ ತಂದು ಗುಡ್ಡೆ ಹಾಕಿದವು. ಹಿಮ ಕರಗಿದ ಮೇಲೆ ಹಳ್ಳಗಳು ಸರೋವರ ಆದವು, ಗುಡ್ಡೆಗಳು ಸಣ್ಣ ಸಣ್ಣ ದಿಬ್ಬಗಳಾದವು. ಸೈಕಲ್ ತುಳಿಯುವವರಿಗೆ ಸುಸ್ತು ಮಾಡಿಸುವುದು ಇದೇ ದಿಬ್ಬಗಳು.

ಈಗ ಹಿಮನದಿಗಳು ಬೇಗ ಬೇಗ ಕರಗುತ್ತಿವೆ. ಜರ್ಮನಿಯಲ್ಲಿ ಐದು ಹಿಮನದಿ ಇದ್ದವು. 2022ರಲ್ಲಿ ವಿಜ್ಞಾನಿಗಳು ಅದರಲ್ಲಿ ಒಂದನ್ನು ಪಟ್ಟಿಯಿಂದ ತೆಗೆದುಹಾಕಿದರು. ಭೂಮಿ ಬಿಸಿ ಆಗುತ್ತಿರುವುದೇ ಕಾರಣ.

4. ಸುಲಭದ ದಾರಿ, ಕಷ್ಟದ ದಾರಿ

ಒಂದು ಪ್ರಶ್ನೆ. ನದಿಯ ಜೊತೆ ಹೋಗುವುದು ಸುಲಭವೋ, ನದಿಯನ್ನು ದಾಟಿ ದಾಟಿ ಹೋಗುವುದು ಸುಲಭವೋ?

ನೀರು ಯಾವಾಗಲೂ ಇಳಿಜಾರಿಗೇ ಹರಿಯುತ್ತದೆ. ಆದ್ದರಿಂದ ನದಿ ಹರಿಯುವ ಕಡೆಗೇ ಹೋದರೆ ಸೈಕಲಿಗೆ ಸುಲಭ. ಡ್ಯಾನ್ಯೂಬ್ ದಡದಲ್ಲಿ ಪಾಸಾವ್ ಊರಿನಿಂದ ವಿಯೆನ್ನಾಕ್ಕೆ 300 ಕಿ.ಮೀ.ಗಿಂತ ಹೆಚ್ಚು ದೂರ ಇದೆ. ಅಷ್ಟು ದೂರಕ್ಕೆ ನೆಲ ಇಳಿಯುವುದು ಸುಮಾರು 140 ಮೀಟರ್ ಮಾತ್ರ. ಚಿಕ್ಕ ಮಕ್ಕಳನ್ನು ಕರೆದುಕೊಂಡು ಸಂಸಾರ ಸಮೇತ ಆ ದಾರಿಯಲ್ಲಿ ಹೋಗುತ್ತಾರೆ.

ನಮ್ಮ ಲಿಂಡಾವ್ ದಾರಿ ಹಾಗಲ್ಲ. ಇಲ್ಲರ್, ಲೇಖ್, ಇಸಾರ್, ಇನ್ ನದಿಗಳು ದಕ್ಷಿಣದಿಂದ ಉತ್ತರಕ್ಕೆ ಹರಿಯುತ್ತವೆ. ದಾರಿ ಪಶ್ಚಿಮದಿಂದ ಪೂರ್ವಕ್ಕೆ. ಪ್ರತಿ ನದಿಗೂ ಇಳೀಬೇಕು, ದಾಟಬೇಕು, ಮತ್ತೆ ಹತ್ತಬೇಕು. ಸಮುದ್ರ ಮಟ್ಟದಿಂದ ಎತ್ತರ ನೋಡಿ (ಸುಮಾರು ಮೀಟರುಗಳಲ್ಲಿ):

ಲಿಂಡಾವ್ – 400
ಫ್ಯೂಸೆನ್ – 800
ಬಾಡ್ ಟ್ಯೋಲ್ಟ್ಸ್ (ಇಸಾರ್ ದಡ) – 660
ಟೇಗರ್ನ್‌ಜೇ – 725
ಕೀಮ್‌ಜೇ – 520
ಕ್ಯೋನಿಗ್ಸ್‌ಜೇ – 600

ಮೊದಲಿನದಕ್ಕೂ ಕೊನೆಯದಕ್ಕೂ ವ್ಯತ್ಯಾಸ 200 ಮೀಟರ್ ಮಾತ್ರ. ಆದರೆ ಏರುಗಳನ್ನು ಮಾತ್ರ ಕೂಡಿಸಿ: 400 + 65 + 80 = 545 ಮೀಟರ್. ನಡುವಿನ ಸಣ್ಣ ದಿಬ್ಬ ಸೇರಿಸಿದರೆ ಇನ್ನೂ ಜಾಸ್ತಿ. ಅಂದ್ರೆ ಹೊರಟ ಜಾಗ, ತಲುಪಿದ ಜಾಗ ಎರಡನ್ನೇ ನೋಡಿದರೆ ದಾರಿಯ ಕಷ್ಟ ಗೊತ್ತಾಗುವುದಿಲ್ಲ.

5. ಗೇರು ಏನು ಮಾಡುತ್ತದೆ?

1817ರಲ್ಲಿ ಕಾರ್ಲ್ ಡ್ರೈಸ್ ಎಂಬವರು ಜರ್ಮನಿಯ ಮಾನ್‌ಹೈಮ್ ಊರಿನಲ್ಲಿ ಎರಡು ಚಕ್ರದ ಗಾಡಿ ಓಡಿಸಿದರು. ಅದಕ್ಕೆ ಪೆಡಲೇ ಇರಲಿಲ್ಲ! ಕಾಲಿನಿಂದ ನೆಲ ಒದ್ದುಕೊಂಡು ಹೋಗಬೇಕಿತ್ತು. ಪೆಡಲು, ಚೈನು, ಗಾಳಿ ತುಂಬಿದ ಟೈರು, ಗೇರು ಎಲ್ಲ ಆಮೇಲೆ ಬಂದವು.

ನಾನು ನಮ್ಮ ಅಪ್ಪನ ಸೈಕಲಿನ ಹಲ್ಲು ಎಣಿಸಿದೆ. ಮುಂದಿನ ಚಕ್ರಕ್ಕೆ 44, ಹಿಂದಿನ ಫ್ರೀವೀಲಿಗೆ 18. ಪೆಡಲ್ ಒಂದು ಸುತ್ತು ತುಳಿದರೆ ಹಿಂದಿನ ಗಾಲಿ 44 ÷ 18 = 2.44 ಸುತ್ತು ತಿರುಗ್ತದೆ. ಗಾಲಿಯ ಸುತ್ತಳತೆ ಸುಮಾರು 2.2 ಮೀಟರ್. ಹಾಗಾದರೆ ಒಂದು ತುಳಿತಕ್ಕೆ ಸುಮಾರು 5.4 ಮೀಟರ್ ಮುಂದೆ ಹೋಗ್ತೇವೆ. ಗೇರಿನ ಸೈಕಲಿನಲ್ಲಿ ಏರು ಬಂದಾಗ ಮುಂದೆ 28, ಹಿಂದೆ 32 ಹಲ್ಲಿಗೆ ಚೈನು ಹಾಕಿದರೆ, ಒಂದು ತುಳಿತಕ್ಕೆ ಸುಮಾರು 1.9 ಮೀಟರ್ ಮಾತ್ರ. ನಿಧಾನ, ಆದರೆ ಕಾಲಿಗೆ ಹಗುರ. ದೊಡ್ಡ ಕೊಡ ಒಂದೇ ಸಲ ಎತ್ತಲಾಗದವರು ಸಣ್ಣ ಬಿಂದಿಗೆಯಲ್ಲಿ ಮೂರು ಸಲ ನೀರು ತರುತ್ತಾರೆ. ತಂದ ನೀರು ಅಷ್ಟೇ, ಸೊಂಟ ಮಾತ್ರ ನೋಯುವುದಿಲ್ಲ.

6. ನಮಗೆ ಇದರಿಂದ ಏನು?

ಮುಂದಿನ ವರ್ಷ ನಾವು ಎಂಟನೇ ತರಗತಿ. ಹೈಸ್ಕೂಲು 6 ಕಿ.ಮೀ. ದೂರ, ಮಧ್ಯದಲ್ಲಿ ದಿಬ್ಬ, ಬೆಳಿಗ್ಗೆ ಸರಿಯಾದ ಬಸ್ಸಿಲ್ಲ. 'ಹುಡುಗಿಯರು ಆ ದಿಬ್ಬ ಹೇಗೆ ಹತ್ತುತ್ತಾರೆ' ಅಂತ ಹೇಳಿ ಓದು ಬಿಡಿಸಿದ ಇಬ್ಬರು ಅಕ್ಕಂದಿರನ್ನು ನಾವೆಲ್ಲ ನೋಡಿದ್ದೇವೆ. ಆದ್ದರಿಂದ ಲೆಕ್ಕ ಮಾಡಿದ್ದೇನೆ. ಗಂಟೆಗೆ 10 ಕಿ.ಮೀ.ನಂತೆ ನಿಧಾನವಾಗಿ ತುಳಿದರೂ 36 ನಿಮಿಷ. ದಿಬ್ಬದಲ್ಲಿ ಇಳಿದು ತಳ್ಳಿದರೆ ಇನ್ನೂ ಹತ್ತು ನಿಮಿಷ ಇಟ್ಟುಕೊಳ್ಳಿ. ಇಳಿದು ತಳ್ಳುವುದು ಅವಮಾನ ಅಲ್ಲ, ಆಲ್ಪ್ಸ್ ತಪ್ಪಲಿನಲ್ಲೂ ಕಡಿದಾದ ಏರು ಬಂದರೆ ತಳ್ಳುತ್ತಾರೆ. ನಾಲ್ಕೈದು ಜನ ಜೊತೆಯಾಗಿ ಹೋದರೆ ಮನೆಯವರಿಗೂ ಧೈರ್ಯ. ಸೈಕಲ್ ಬರದವರು ಈ ರಜೆಯಲ್ಲೇ ಕಲಿಯಿರಿ. ಮನೆಯಲ್ಲಿ ಬೇಡ ಅಂದರೆ ಈ ಲೆಕ್ಕ ತೋರಿಸಿ. ಗುರುಗಳೂ ಒಂದು ಮಾತು ಹೇಳಬೇಕೆಂದು ಕೇಳಿಕೊಳ್ಳುತ್ತೇನೆ.

ಅಭ್ಯಾಸ

1. ಜಲವಿಭಾಜಕ ಎಂದರೇನು? ಒಂದು ಉದಾಹರಣೆ ಕೊಡಿ.
2. ನಿಮ್ಮ ಮನೆಯ ಸೈಕಲಿನ ಹಲ್ಲು ಎಣಿಸಿ, ಒಂದು ತುಳಿತಕ್ಕೆ ಎಷ್ಟು ಮೀಟರ್ ಹೋಗ್ತದೆ ಲೆಕ್ಕ ಮಾಡಿ.
3. ಮೇಲಿನ ಪಟ್ಟಿಯಲ್ಲಿ ಇಳಿಜಾರುಗಳನ್ನು ಮಾತ್ರ ಕೂಡಿಸಿದರೆ ಎಷ್ಟು ಮೀಟರ್?

ಉತ್ತರ ಬರೆದು ಪತ್ರಿಕೆಯ ಡಬ್ಬಿಗೆ ಹಾಕಿ. ಸರಿ ಉತ್ತರ ಮುಂದಿನ ಸಂಚಿಕೆಯಲ್ಲಿ.

– 7ನೇ ತರಗತಿ ವಿದ್ಯಾರ್ಥಿನಿ