ಪಿಡಿಎಫ್ ಸಿಕ್ತು, ಸರಿ. ಅದನ್ನ ನಂಬಬಹುದಾ?

ಕಳೆದ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟಿಗೆ ನಾವು ನಾಲ್ಕು ಜನ ಆರಿಸಿಕೊಂಡ ವಿಷಯ ಜಗಳೂರು ತಾಲ್ಲೂಕಿನ ಅಂತರ್ಜಲ ಮತ್ತು ಫ್ಲೋರೈಡ್. ಗೂಗಲ್‌ನಲ್ಲಿ ಸಿಕ್ಕ ಮೊದಲ ಐದು ಪಿಡಿಎಫ್ ಇಳಿಸಿಕೊಂಡು, ಅಬ್‌ಸ್ಟ್ರಾಕ್ಟ್‌ಗಳನ್ನ ಜೋಡಿಸಿ ಪಿಪಿಟಿ ಮುಗಿಸಿದ್ವಿ. ಮಾರ್ಕ್ಸೂ ಬಂತು. ಆಮೇಲೆ ನಮ್ಮಲ್ಲೊಬ್ಬನ ಅಜ್ಜಿ ಊರಿಗೆ ಹೋದಾಗ ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ: "ಹಂಗಾರೆ ನಮ್ಮ ಬೋರಿನ ನೀರು ಕುಡೀಬೋದೇನ್ರಪ್ಪಾ?"

ಇಪ್ಪತ್ತು ಸ್ಲೈಡ್ ಮಾಡಿದ ನಮ್ಮ ಹತ್ರ ಉತ್ತರ ಇರಲಿಲ್ಲ. ವಾಪಸ್ ಬಂದು ಆ ಐದೂ ಪೇಪರ್‌ಗಳನ್ನ ಮೊದಲ ಸಲ ಪೂರ್ತಿ ಓದಿದ್ವಿ.

ಹುಡುಕೋದರಲ್ಲೇ ಎಡವಿದ್ವಿ. ದಾವಣಗೆರೆ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಅದಕ್ಕೂ ಮೊದಲು ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿತ್ತು; ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಲ್ಲಿದ್ವು. ಹಳೇ ವರದಿ ಬೇಕಂದ್ರೆ ಆ ಜಿಲ್ಲೆಗಳ ಹೆಸರಲ್ಲೇ ಹುಡುಕಬೇಕು, ಅದೂ 'ಶಿಮೋಗ' ಅನ್ನೋ ಹಳೇ ಸ್ಪೆಲ್ಲಿಂಗ್‌ನಲ್ಲಿ. ನ್ಯಾಮತಿಯವರಿಗೆ ಇನ್ನೂ ಕಷ್ಟ. 2011ರ ಜನಗಣತಿಯಲ್ಲಿ ನ್ಯಾಮತಿ ಅನ್ನೋ ತಾಲ್ಲೂಕೇ ಇಲ್ಲ, ಅದರ ಲೆಕ್ಕವೆಲ್ಲ ಹೊನ್ನಾಳಿಯೊಳಗೆ ಸೇರಿಕೊಂಡಿದೆ. ಹೊನ್ನಾಳಿಯ ಹಳೇ ಅಂಕಿಯನ್ನ ಇವತ್ತಿನ ಹೊನ್ನಾಳಿ ಜೊತೆ ಹೋಲಿಸಿ 'ಕಡಿಮೆಯಾಗಿದೆ' ಅಂತ ಬರೆದ್ರೆ, ಕಡಿಮೆಯಾಗಿರೋದು ತಾಲ್ಲೂಕಿನ ವಿಸ್ತೀರ್ಣ!

ಇನ್ನು ಫ್ಲೋರೈಡ್. ಒಂದು ಪೇಪರ್‌ನಲ್ಲಿ ಮಿತಿ ಮೀರಿದ ಸ್ಯಾಂಪಲ್ ತುಂಬಾ ಇದ್ವು, ಇನ್ನೊಂದರಲ್ಲಿ ಕಡಿಮೆ. ಯಾರೋ ಸುಳ್ಳು ಹೇಳ್ತಿದಾರೆ ಅಂದ್ಕೊಂಡ್ವಿ. ಯಾರೂ ಹೇಳ್ತಿರಲಿಲ್ಲ. ಬಿಐಎಸ್‌ನ ಐಎಸ್ 10500 ಪ್ರಕಾರ ಫ್ಲೋರೈಡ್ ಲೀಟರಿಗೆ 1.0 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರಿನ ಮೂಲ ಇಲ್ಲದಿದ್ರೆ ಮಾತ್ರ 1.5ರವರೆಗೆ ಒಪ್ಪಬಹುದು. 1.2 ಇರೋ ಬೋರ್ ಒಂದು ಪೇಪರ್‌ನಲ್ಲಿ ಫೇಲ್, ಇನ್ನೊಂದರಲ್ಲಿ ಪಾಸ್. ಆದ್ದರಿಂದ ಶೇಕಡಾವಾರು ನೋಡೋ ಮೊದಲು ಯಾವ ಮಿತಿ ಹಿಡಿದಿದಾರೆ ನೋಡಿ. ಸ್ಯಾಂಪಲ್ ತೆಗೆದಿದ್ದು ಮಳೆಗಾಲಕ್ಕೆ ಮೊದಲೋ ಆಮೇಲೋ, ಎಷ್ಟು ಬೋರ್, ಯಾವ್ಯಾವ ಹಳ್ಳಿ ಅನ್ನೋದು ಮೆಥಡ್ಸ್ ಭಾಗದಲ್ಲಿರುತ್ತೆ. ನಾವು ಹಾರಿಸಿದ್ದು ಅದನ್ನೇ.

ನಮಗೆ ಜಾಸ್ತಿ ಇಷ್ಟವಾದ ಪರೀಕ್ಷೆ ಬೇರೆ. ಫಸ್ಟ್ ಇಯರ್ ಕೆಮಿಸ್ಟ್ರಿ ಸಾಕು ಇದಕ್ಕೆ. ಪೇಪರ್‌ನ ಟೇಬಲ್‌ನಲ್ಲಿ ಕ್ಯಾಲ್ಸಿಯಂ, ಸೋಡಿಯಂನಂಥ ಮುಖ್ಯ ಕ್ಯಾಟಯಾನುಗಳನ್ನ ಮಿಲಿಈಕ್ವಿವಲೆಂಟ್‌ಗೆ ತಿರುಗಿಸಿ ಕೂಡಿ. ಕ್ಲೋರೈಡ್, ಬೈಕಾರ್ಬನೇಟ್‌ನಂಥ ಆನಯಾನುಗಳನ್ನೂ ಹಾಗೇ ಕೂಡಿ. ಎರಡರ ವ್ಯತ್ಯಾಸವನ್ನ ಮೊತ್ತದಿಂದ ಭಾಗಿಸಿದ್ರೆ ಸಾಮಾನ್ಯವಾಗಿ ಶೇಕಡಾ 5ರೊಳಗೆ ಬರಬೇಕು. ನಮ್ಮ ಐದರಲ್ಲಿ ಒಂದರ ಟೇಬಲ್ ಇದರ ಹತ್ತಿರಕ್ಕೂ ಬರಲಿಲ್ಲ. ನಮ್ಮ ಪಿಪಿಟಿಯಲ್ಲಿ ದೊಡ್ಡ ಅಕ್ಷರದಲ್ಲಿದ್ದಿದ್ದು ಅದರದ್ದೇ ಅಂಕಿ.

ಪಿಎಚ್‌ಡಿ ಪ್ರಬಂಧಗಳಿಗೆ ಶೋಧಗಂಗಾ, ತಾಲ್ಲೂಕುವಾರು ಅಂತರ್ಜಲ ಬಳಕೆಗೆ ಕೇಂದ್ರ ಅಂತರ್ಜಲ ಮಂಡಳಿಯ ವರದಿಗಳು ಚೆನ್ನಾಗಿವೆ. ಅಲ್ಲಿ 'ಅತಿಬಳಕೆ' ಅಂದ್ರೆ ವರ್ಷಕ್ಕೆ ಸಿಗೋದಕ್ಕಿಂತ ಜಾಸ್ತಿ ನೀರೆತ್ತುತ್ತಿದ್ದಾರೆ ಅಂತ ಅರ್ಥ; ನೀರು ಕುಡಿಯಲು ಯೋಗ್ಯವೋ ಅಲ್ಲವೋ ಅನ್ನೋದು ಬೇರೆ ಮಾತು. ಚಾಟ್‌ಬಾಟ್ ಕೊಡೋ ರೆಫರೆನ್ಸ್‌ನ ಡಿಒಐ ತೆರೆದು ನೋಡದೆ ಹಾಕಬೇಡಿ. ಚನ್ನಗಿರಿಯ ಸೂಳೆಕೆರೆ 'ಏಷ್ಯಾದ ಎರಡನೇ ದೊಡ್ಡ ಕೆರೆ' ಅಂತ ಎಲ್ಲರೂ ಬರೀತಾರಲ್ಲ, ಯಾವ ಅಳತೆಯಲ್ಲಿ ಅಂತ ಒಮ್ಮೆ ಹುಡುಕಿ ನೋಡಿ, ಒಳ್ಳೇ ಅಭ್ಯಾಸ.

ಅಜ್ಜಿಯ ಪ್ರಶ್ನೆಗೆ ಐದರಲ್ಲಿ ಯಾವ ಪೇಪರ್‌ನಲ್ಲೂ ಉತ್ತರ ಇಲ್ಲ, ಯಾಕಂದ್ರೆ ಯಾರೂ ಅವರ ಬೋರಿನ ಸ್ಯಾಂಪಲ್ ತೆಗೆದಿಲ್ಲ. ಫ್ಲೋರೈಡ್ ಗಾಜಿನ ಜೊತೆ ವರ್ತಿಸೋದ್ರಿಂದ ಪ್ಲಾಸ್ಟಿಕ್ ಬಾಟಲಿಯಲ್ಲೇ ನೀರು ತುಂಬಿ, ತಾರೀಖು ಬರೆದು ಲ್ಯಾಬ್‌ಗೆ ಕೊಟ್ಟಿದ್ದೀವಿ. ಕಾಯಿಸಿದ್ರೆ ಫ್ಲೋರೈಡ್ ಹೋಗಲ್ಲ ಅಂತಾನೂ ಅಜ್ಜಿಗೆ ಹೇಳಿದ್ದೀವಿ. ರಿಪೋರ್ಟ್ ಬರೋವರೆಗೆ ಊರಿನ ಶುದ್ಧ ನೀರಿನ ಘಟಕದಿಂದಲೇ ಕ್ಯಾನ್ ತರ್ತಿದ್ದಾರೆ.