ತಲೆಗೆ ಕಟ್ಟಿಕೊಂಡ ಬ್ರೌಸರ್: ಪೆಟ್ಟು ತಿಂದು ಕಲಿತ ಕೆಲವು ಪಾಠಗಳು

ವಿಆರ್ ಹೆಡ್‌ಸೆಟ್‌ಗೆ ವೆಬ್ ಬ್ರೌಸರ್ ಮಾಡುವುದೆಂದರೆ ಮೊಬೈಲ್ ಬ್ರೌಸರನ್ನು ಕಣ್ಣಿನ ಹತ್ತಿರ ತಂದಿಡುವುದು, ಅಷ್ಟೇ ಅಂದುಕೊಂಡು ನಾನು ಈ ಕೆಲಸಕ್ಕೆ ಇಳಿದೆ. ಹಾಗೆ ಅಂದುಕೊಳ್ಳಲು ಕಾರಣವೂ ಇತ್ತು. ಕಂಪ್ಯೂಟರ್‌ಗೆ ಜೋಡಿಸದೆ ಬಳಸುವ ಬಹುಪಾಲು ಹೆಡ್‌ಸೆಟ್‌ಗಳ ಒಳಗಿರುವುದು ಆಂಡ್ರಾಯ್ಡೇ. ಮೊಜಿಲ್ಲಾ ಸಂಸ್ಥೆ 2018ರ ಸೆಪ್ಟೆಂಬರ್‌ನಲ್ಲಿ ಫೈರ್‌ಫಾಕ್ಸ್ ರಿಯಾಲಿಟಿ ಎಂಬ ವಿಆರ್ ಬ್ರೌಸರ್ ಬಿಡುಗಡೆ ಮಾಡಿತ್ತು. ಅದರ ಸೋರ್ಸ್ ಕೋಡ್ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ತೆರೆದೇ ಇತ್ತು. ಬೆಂಗಳೂರಿನ ನಮ್ಮ ಪುಟ್ಟ ತಂಡ ಅದನ್ನೇ ಹಿಡಿದು, ತರಬೇತಿ ಕೊಡುವ ಗ್ರಾಹಕರಿಗೆ ಬೇಕಾದಂತೆ ತಿದ್ದಲು ಹೊರಟಿತು. ಪುಟವನ್ನು ಓದಿ ಚಿತ್ರವಾಗಿ ಬಿಡಿಸಿಕೊಡುವ ಕಷ್ಟದ ಕೆಲಸ ಗೆಕ್ಕೊ ಎಂಜಿನ್‌ನದು. ಆ ಚಿತ್ರವನ್ನು ಮೂರು ಆಯಾಮದ ಜಾಗದಲ್ಲಿ ತೂಗುಹಾಕಿ, ಬಳಸುವವರ ಕೈಗೆ ಎಟುಕುವಂತೆ ಮಾಡುವುದಷ್ಟೇ ನಮ್ಮ ಪಾಲು. ಕೇಳುವುದಕ್ಕೆ ಎಷ್ಟು ಸಣ್ಣ ಕೆಲಸ!

ಪರಿಣತರಿಗೆ ಇಲ್ಲಿ ಹೊಸದೇನೂ ಸಿಗಲಿಕ್ಕಿಲ್ಲ. ಇದೇ ದಾರಿಗೆ ಈಗಷ್ಟೇ ಕಾಲಿಡುತ್ತಿರುವವರು ನಾನು ಬಿದ್ದ ಗುಂಡಿಗಳನ್ನಾದರೂ ದಾಟಿಕೊಂಡು ಹೋಗಲಿ ಎಂದು ಬರೆಯುತ್ತಿದ್ದೇನೆ.

1. ಜನ ಬಂದದ್ದು ಪುಟ ನೋಡಲು, ನನ್ನ ಬೆಟ್ಟ ನೋಡಲಲ್ಲ.

ನಾನು ಮೊದಲು ಕೈಹಾಕಿದ್ದು ಬ್ರೌಸರ್ ಕಿಟಕಿಯ ಹಿಂದಿನ ದೃಶ್ಯಕ್ಕೆ. ಬೆಟ್ಟ, ಕೆರೆ, ಸಂಜೆಯ ಆಕಾಶ, ನೀರಿನಲ್ಲಿ ಅದರ ನೆರಳು. ಅಷ್ಟು ಹೊತ್ತಿಗೆ ಪುಟ ಸ್ಕ್ರೋಲ್ ಕೂಡ ಸರಿಯಾಗಿ ಆಗುತ್ತಿರಲಿಲ್ಲ ಎಂಬುದನ್ನು ಈಗ ಹೇಳಿಕೊಳ್ಳಲು ನಾಚಿಕೆ. ಪರೀಕ್ಷೆಗೆ ಬಂದವರು ಒಮ್ಮೆ ಸುತ್ತ ತಿರುಗಿ "ಚೆನ್ನಾಗಿದೆ" ಅಂದರು, ಮರುಗಳಿಗೆಯಲ್ಲೇ ಯೂಟ್ಯೂಬ್ ಎಲ್ಲಿ ಎಂದು ಕೇಳಿದರು. ವಿಡಿಯೊ ಶುರುವಾದ ಮೇಲೆ ಬೇರೆ ಬೇಡಿಕೆ: ಹಿಂದಿರುವುದನ್ನೆಲ್ಲ ಕತ್ತಲು ಮಾಡಿ, ಕಣ್ಣಿಗೆ ಅಡ್ಡ ಬರುತ್ತಿದೆ. ಕೆರೆ ಹೋಯಿತು, ನೆರಳೂ ಹೋಯಿತು. ಮಂಕಾದ ಒಂದು ನೆಲ ಮತ್ತು ದಿಗಂತದ ಗೆರೆಯಷ್ಟೇ ಉಳಿದವು. ಅವೂ ಅಂದಕ್ಕಲ್ಲ, ಕಾಲ ಕೆಳಗೆ ನೆಲ ಕಾಣದಿದ್ದರೆ ಕೆಲವರಿಗೆ ತೇಲಿದಂತಾಗುತ್ತದೆ.

2. ಪಿಕ್ಸೆಲ್ ಎಣಿಸಬೇಡಿ, ಡಿಗ್ರಿಗೆ ಎಷ್ಟು ಪಿಕ್ಸೆಲ್ ಎಂದು ಎಣಿಸಿ.

ನಾನು ಹೆಚ್ಚು ಪೆಟ್ಟು ತಿಂದದ್ದು ಇಲ್ಲಿ. 2019ರ ಮೇ ತಿಂಗಳಲ್ಲಿ ಬಂದ ಮೊದಲ ಆಕ್ಯುಲಸ್ ಕ್ವೆಸ್ಟ್‌ನಲ್ಲಿ ಒಂದೊಂದು ಕಣ್ಣಿಗೂ ಅಡ್ಡಕ್ಕೆ 1440, ಉದ್ದಕ್ಕೆ 1600 ಪಿಕ್ಸೆಲ್. ಮೇಜಿನ ಮೇಲಿನ ಮಾನಿಟರ್‌ಗೆ ಇದೇನೂ ಕಡಿಮೆಯಲ್ಲ ಎಂದು ಬೀಗಿದೆ. ಆದರೆ ಅಷ್ಟೂ ಪಿಕ್ಸೆಲ್‌ಗಳು ಹೆಚ್ಚುಕಡಿಮೆ 90 ಡಿಗ್ರಿ ನೋಟಕ್ಕೆ ಹಂಚಿಹೋಗುತ್ತವೆ. ಅಂದರೆ ಡಿಗ್ರಿಗೆ ಸುಮಾರು 15. ತೋಳಳತೆಯ ದೂರದಲ್ಲಿರುವ ಸಾಧಾರಣ 24 ಇಂಚಿನ ಮಾನಿಟರ್ ಡಿಗ್ರಿಗೆ 40ರಷ್ಟು ಕೊಡುತ್ತದೆ. ಒಳ್ಳೆಯ ಕಣ್ಣು 60ರವರೆಗೂ ಗುರುತಿಸುತ್ತದೆ. ನೋಟದ 60 ಡಿಗ್ರಿ ತುಂಬುವಷ್ಟು ದೊಡ್ಡ ಕಿಟಕಿ ತೆರೆದು ಅದರಲ್ಲಿ 1920 ಪಿಕ್ಸೆಲ್ ಅಗಲದ ಪುಟ ತುರುಕಿದ್ದೆ. ಅಲ್ಲಿ ನಿಜಕ್ಕೂ ಇದ್ದದ್ದು 900ರಷ್ಟು ಪಿಕ್ಸೆಲ್.

ಅಕ್ಷರ ಮಸುಕಾಗಿದೆ ಎಂಬ ದೂರು ಬಂದಾಗ ನಾನು ಮಾಡಿದ್ದು ಇನ್ನೂ ಕೆಟ್ಟ ಕೆಲಸ. ಪುಟವನ್ನು ಇನ್ನಷ್ಟು ಹೆಚ್ಚಿನ ರೆಸಲ್ಯೂಶನ್‌ನಲ್ಲಿ ಬಿಡಿಸಿದೆ. ಸ್ಕ್ರೀನ್‌ಶಾಟ್‌ನಲ್ಲಿ ಅಚ್ಚುಕಟ್ಟು, ತಲೆಗೆ ಹಾಕಿಕೊಂಡರೆ ಅಕ್ಷರಗಳೆಲ್ಲ ಮಿಣಮಿಣ. ತಲೆ ಎಂದೂ ಪೂರ್ತಿ ಸುಮ್ಮನಿರುವುದಿಲ್ಲ. ಉಸಿರಾಡಿದರೂ ಅಲುಗುತ್ತದೆ. ಪುಟದ ಹಲವು ಚುಕ್ಕೆಗಳು ಪರದೆಯ ಒಂದೇ ಪಿಕ್ಸೆಲ್‌ಗೆ ಪೈಪೋಟಿ ನಡೆಸುವಾಗ, ತಲೆ ಕೂದಲೆಳೆಯಷ್ಟು ಅಲುಗಿದರೂ ಗೆಲ್ಲುವ ಚುಕ್ಕೆ ಬದಲಾಗುತ್ತದೆ. ಚಿತ್ರದ ಕಿರಿದಾದ ನಕಲುಗಳನ್ನು ಮೊದಲೇ ಮಾಡಿಟ್ಟುಕೊಳ್ಳುವ ಮಿಪ್‌ಮ್ಯಾಪ್ ಹಾಕಿದೆ, ಮಿಣುಕು ನಿಂತಿತು, ಮಸುಕು ಹಿಂದಿರುಗಿತು.

ರೋಗದ ಇನ್ನೊಂದು ಬೇರು ಸಿಕ್ಕಿದ್ದು ಬಹಳ ತಡವಾಗಿ. ನಾವು ಪುಟವನ್ನು ಮೊದಲು ಒಂದೊಂದು ಕಣ್ಣಿಗೂ ತೋರಿಸುವ ಚಿತ್ರಕ್ಕೆ ಬಳಿಯುತ್ತಿದ್ದೆವು. ಆ ಚಿತ್ರವನ್ನು ಹೆಡ್‌ಸೆಟ್‌ನ ವ್ಯವಸ್ಥೆ ಮಸೂರದ ಡೊಂಕಿಗೆ ತಕ್ಕಂತೆ ಮತ್ತೊಮ್ಮೆ ಬಗ್ಗಿಸಿ ಬಳಿಯುತ್ತಿತ್ತು. ಜೆರಾಕ್ಸ್‌ನ ಜೆರಾಕ್ಸ್ ತೆಗೆದಂತೆ, ಪ್ರತಿ ಸಲವೂ ಅಕ್ಷರದ ಅಂಚು ಸ್ವಲ್ಪ ಕರಗುತ್ತಿತ್ತು. ಇದಕ್ಕೆ ಪರಿಹಾರ ಆಗಲೇ ಹಲವು ಪ್ಲಾಟ್‌ಫಾರ್ಮ್‌ಗಳಲ್ಲಿ ಇತ್ತು: ಪುಟವನ್ನು ದೃಶ್ಯದೊಳಗೆ ಬಳಿಯದೆ, ಪ್ರತ್ಯೇಕ ಲೇಯರ್ ಆಗಿ ನೇರವಾಗಿ ಆ ವ್ಯವಸ್ಥೆಯ ಕಂಪಾಸಿಟರ್ ಕೈಗೆ ಕೊಡುವುದು. ಆಗ ಪುಟ ಒಂದೇ ಸಲ ಪರದೆಗೆ ಇಳಿಯುತ್ತದೆ. ಕೈಪಿಡಿಯಲ್ಲಿ ಬರೆದೇ ಇದ್ದ ವಿಷಯ. ಬೆಟ್ಟ ಕೆತ್ತುವ ಗಡಿಬಿಡಿಯಲ್ಲಿ ಆ ಪುಟಕ್ಕೆ ನಾನು ಬಂದಿರಲೇ ಇಲ್ಲ.

ಕನ್ನಡದ ಕಥೆ ಬೇರೆಯೇ. ನನ್ನ ಪರೀಕ್ಷೆಗಳೆಲ್ಲ ಇಂಗ್ಲಿಷ್ ವಿಕಿಪೀಡಿಯದ ಮೇಲೆ ನಡೆದಿದ್ದವು. ಇಂಗ್ಲಿಷ್ ಪದ ಸ್ವಲ್ಪ ಮಸುಕಾದರೂ ಆಕಾರ ನೋಡಿ ಊಹಿಸಿಬಿಡಬಹುದು. ನಮ್ಮಲ್ಲಿ ದ ಮತ್ತು ಧ, ಪ ಮತ್ತು ಫ, ಬ ಮತ್ತು ಭ ಬೇರೆಯಾಗುವುದು ಕೆಳಗಿನ ಒಂದು ಸಣ್ಣ ಸೀಳಿನಿಂದ. ಡಿಗ್ರಿಗೆ 15 ಪಿಕ್ಸೆಲ್ ಇರುವ ಪರದೆಯಲ್ಲಿ ಮೊದಲು ಮುಚ್ಚಿಹೋಗುವುದು ಆ ಸೀಳೇ. ಒತ್ತಕ್ಷರಗಳು ಮಸಿಯ ಕಲೆಗಳಾಗುತ್ತವೆ. ಸಾಲಿನ ಎತ್ತರವನ್ನು ಇಂಗ್ಲಿಷ್ ಅಳತೆಗೆ ಬಿಗಿದ ಜಾಲತಾಣಗಳಲ್ಲಿ "ರಾಷ್ಟ್ರ", "ಸ್ತ್ರೀ"ಗಳ ಒತ್ತು ಕೆಳಗಿನ ಸಾಲಿನ ತಲೆಗೆ ತಗುಲುತ್ತದೆ, ಇಲ್ಲವೇ ಅರ್ಧಕ್ಕೇ ಕತ್ತರಿಸಿಹೋಗುತ್ತದೆ. ಆಮೇಲೆ ಇಂಥ ಪದಗಳನ್ನೇ ಕಿಕ್ಕಿರಿಸಿ ಒಂದು ಪರೀಕ್ಷಾ ಪುಟ ಮಾಡಿಕೊಂಡೆ: ಉತ್ಪ್ರೇಕ್ಷೆ, ದೌರ್ಬಲ್ಯ, ಅರ್ಧ, ಭಾಷ್ಯ. ಕನಿಷ್ಠ ಅಕ್ಷರಗಾತ್ರ ಏರಿಸಿದೆ, ಪುಟದ ಅಗಲ ಇಳಿಸಿದೆ, ಸಾಲುಗಳ ನಡುವೆ ಜಾಗ ಬಿಟ್ಟೆ. ಆ ಪುಟ ಸಲೀಸಾಗಿ ಓದಲು ಬಂದ ದಿನ ಇಂಗ್ಲಿಷ್ ಪುಟಗಳೂ ತಾವಾಗಿಯೇ ಸುಧಾರಿಸಿದ್ದವು. ಮೊದಲೇ ಕನ್ನಡದಿಂದ ಶುರು ಮಾಡಿದ್ದರೆ ಎಷ್ಟೋ ಕೆಲಸ ಉಳಿಯುತ್ತಿತ್ತು.

3. ಪುಟ ತಡವಾಗಬಹುದು, ತಲೆ ತಡವಾಗಬಾರದು.

ಆ ಮೊದಲ ಕ್ವೆಸ್ಟ್‌ನ ಪರದೆ ಸೆಕೆಂಡಿಗೆ 72 ಸಲ ಹೊಸದಾಗುತ್ತಿತ್ತು. ಒಂದು ಚಿತ್ರಕ್ಕೆ ಸಿಗುವ ಸಮಯ 14 ಮಿಲಿಸೆಕೆಂಡಿಗಿಂತ ಒಂದಿಷ್ಟು ಕಡಿಮೆ. 90 ಸಲ ಆಗುವ ಹೆಡ್‌ಸೆಟ್‌ಗಳಲ್ಲಿ 11. ತಲೆ ತಿರುಗಿಸಿದ ಕ್ಷಣದಿಂದ ಕಣ್ಣಿಗೆ ಹೊಸ ಬೆಳಕು ಬೀಳುವವರೆಗೆ ಒಟ್ಟು 20 ಮಿಲಿಸೆಕೆಂಡ್ ದಾಟಬಾರದು ಎಂಬುದು ಈ ವಲಯದ ರೂಢಿಯ ಮಾತು. ಇದನ್ನು ಓದಿ ತಿಳಿದಿದ್ದೂ ನಾನು ಪುಟದ ಚಿತ್ರ ಹೊಸದಾಗುವುದನ್ನೂ ತಲೆಯ ಚಲನೆ ಓದುವುದನ್ನೂ ಒಂದೇ ಲೂಪ್‌ನಲ್ಲಿ ಕಟ್ಟಿಹಾಕಿದ್ದೆ. ಹಗುರ ಪುಟಗಳಲ್ಲಿ ಏನೂ ಗೊತ್ತಾಗಲಿಲ್ಲ. ಜಾಹೀರಾತು ತುಂಬಿದ ಒಂದು ಸುದ್ದಿತಾಣ ತೆರೆದಾಗ ಪುಟದ ಜೊತೆ ಇಡೀ ಜಗತ್ತೇ ತಲೆಗೆ ಅಂಟಿಕೊಂಡು ನಿಂತಿತು. ಪರೀಕ್ಷಿಸುತ್ತಿದ್ದ ಸಹೋದ್ಯೋಗಿ ಹೆಡ್‌ಸೆಟ್ ಕಿತ್ತಿಟ್ಟು ತಲೆ ಹಿಡಿದು ಕೂತರು, ಮಧ್ಯಾಹ್ನ ಊಟಕ್ಕೆ ಬರಲಿಲ್ಲ.

ಮೊಬೈಲ್‌ನಲ್ಲಿ ಪುಟ ನಿಧಾನವಾದರೆ ಜನ ಬೈಯುತ್ತಾರೆ, ಅಷ್ಟೇ. ಇಲ್ಲಿ ತಪ್ಪು ನೇರ ಹೊಟ್ಟೆಗೆ ಹೋಗುತ್ತದೆ. ಪುಟ ಹಳೆಯ ಚಿತ್ರದಲ್ಲೇ ಅರ್ಧ ಸೆಕೆಂಡು ನಿಂತಿದ್ದರೂ ಯಾರಿಗೂ ತೊಂದರೆಯಿಲ್ಲ. ಅದು ತೂಗುತ್ತಿರುವ ಜಾಗ ಮಾತ್ರ ತಲೆಯ ಚಲನೆಗೆ ಸರಿಯಾಗಿ ಸರಿಯುತ್ತಿರಬೇಕು. ಎರಡನ್ನೂ ಬೇರೆಬೇರೆ ಥ್ರೆಡ್‌ಗಳಿಗೆ ಒಡೆದ ಮೇಲೆ ಆ ಸುದ್ದಿತಾಣ ಎಂದಿನಷ್ಟೇ ನಿಧಾನವಾಗಿತ್ತು, ಆದರೆ ಯಾರ ಊಟವೂ ತಪ್ಪಲಿಲ್ಲ. ಚಿತ್ರ ತಡವಾದಾಗ ಹಳೆಯ ಚಿತ್ರವನ್ನೇ ಹೊಸ ತಲೆಯ ಕೋನಕ್ಕೆ ಹೊರಳಿಸಿ ತೋರಿಸುವ ಟೈಮ್‌ವಾರ್ಪ್ ತಂತ್ರ ಎಲ್ಲವನ್ನೂ ಕಾಪಾಡುತ್ತದೆ ಎಂದು ನಂಬಿದ್ದೆ. ತಲೆ ತಿರುಗಿಸುವುದನ್ನು ಅದು ಸಂಭಾಳಿಸುತ್ತದೆ ನಿಜ. ಕೈಯ ಕಂಟ್ರೋಲರ್‌ನಿಂದ ಹೊರಡುವ ಕಿರಣ ಕುಂಟುವುದನ್ನು ಮುಚ್ಚಿಡಲು ಅದಕ್ಕೆ ಬರುವುದಿಲ್ಲ.

4. ಕಿಟಕಿ ತಲೆಯ ಜೊತೆ ಬರುವುದು ಬೇಡ.

ಎಲ್ಲಿ ನೋಡಿದರೂ ಪುಟ ಎದುರಿಗೇ ಇದ್ದರೆ ಅನುಕೂಲ ಎಂದು ಕಿಟಕಿಯನ್ನು ನೋಟಕ್ಕೇ ಬಿಗಿದಿದ್ದೆ. ಎರಡು ನಿಮಿಷದಲ್ಲಿ ಉಸಿರು ಕಟ್ಟಿದ ಹಾಗಾಗುತ್ತದೆ. ಪುಟದ ಮೂಲೆ ಓದಲು ತಲೆ ತಿರುಗಿಸಿದರೆ ಮೂಲೆಯೂ ಓಡುತ್ತದೆ! ಕಿಟಕಿ ಜಾಗದಲ್ಲಿ ನಿಂತಿರಲಿ, ಬೇಕಾದಾಗ ಒಂದು ಗುಂಡಿ ಒತ್ತಿ ಎದುರಿಗೆ ಕರೆಸಿಕೊಳ್ಳಲಿ. ಜನ ಹಾಸಿಗೆಯಲ್ಲಿ ಮಲಗಿಯೂ ಹೆಡ್‌ಸೆಟ್ ಹಾಕಿಕೊಳ್ಳುತ್ತಾರೆ ಎಂಬುದಂತೂ ನನಗೆ ಹೊಳೆದೇ ಇರಲಿಲ್ಲ. ಅವರಿಗೆ ಕಾಣುತ್ತಿದ್ದದ್ದು ಖಾಲಿ ಆಕಾಶ.

5. ಗುಂಡಿ ಒತ್ತುವ ಬೆರಳೇ ಗುರಿ ತಪ್ಪಿಸುತ್ತದೆ.

"ಲಿಂಕ್ ಒತ್ತಿದರೆ ಪಕ್ಕದ ಲಿಂಕ್ ತೆರೆಯುತ್ತದೆ" ಎಂಬ ದೂರನ್ನು ನಾನು ಬಹಳ ಕಾಲ ಬಳಸುವವರ ಅಭ್ಯಾಸದ ಕೊರತೆ ಎಂದೇ ತಳ್ಳಿಹಾಕಿದೆ. ಕೊನೆಗೆ ಕಂಟ್ರೋಲರ್‌ನ ಚಲನೆಯನ್ನು ದಾಖಲಿಸಿ ನೋಡಿದರೆ, ಟ್ರಿಗರ್ ಎಳೆಯುವಾಗ ಎಲ್ಲರ ಮಣಿಕಟ್ಟೂ ಚೂರು ಬಾಗುತ್ತಿತ್ತು, ನನ್ನದೂ. ದೂರದ ಪುಟದ ಮೇಲೆ ಆ ಚೂರು ಒಂದು ಸಾಲಿನಷ್ಟಾಗುತ್ತದೆ. ಸಂಶೋಧಕರು ಇದಕ್ಕೆ ಹೈಸನ್‌ಬರ್ಗ್ ಪರಿಣಾಮ ಎಂದು ಎಷ್ಟೋ ಹಿಂದೆಯೇ ಹೆಸರಿಟ್ಟಿದ್ದರು. ಮದ್ದು ಸರಳ: ಒತ್ತಿದ ಕ್ಷಣದ ಜಾಗ ಬಿಟ್ಟು, ಬೆರಳು ಚಲಿಸಲು ಶುರುವಾಗುವ ಮುಂಚೆ ಕಿರಣ ಎಲ್ಲಿತ್ತೋ ಅದನ್ನು ಗುರಿಯೆಂದು ತೆಗೆದುಕೊಳ್ಳುವುದು. ಸಣ್ಣ ಕದಲಿಕೆಯನ್ನು ಸ್ಕ್ರೋಲ್ ಎಂದು ಭಾವಿಸದಿರುವುದು.

ಕೀಬೋರ್ಡ್ ಬಗ್ಗೆ ಹೆಚ್ಚು ಹೇಳಲಾರೆ, ಅದಿನ್ನೂ ನನ್ನ ಕೈಗೆ ಬಗ್ಗಿಲ್ಲ. ಗಾಳಿಯಲ್ಲಿ ತೇಲುವ ಕೀಲಿಗಳಿಗೆ ಒಂದೊಂದಾಗಿ ಕಿರಣ ಹಾಯಿಸಿ ಕನ್ನಡ ಟೈಪ್ ಮಾಡುವುದು ಶಿಕ್ಷೆ. ಬಳಸುವವರ ಟೈಪಿಂಗ್ ಅನ್ನೇ ಕಡಿಮೆ ಮಾಡುವುದು ಒಳ್ಳೆಯ ದಾರಿ: ಉಳಿಸಿದ ಪಾಸ್‌ವರ್ಡ್, ಬುಕ್‌ಮಾರ್ಕ್, ದನಿಯ ಹುಡುಕಾಟ.

6. ಜಾಲತಾಣಗಳಿಗೆ ನೀವು ಯಾರೆಂದು ಗೊತ್ತಿಲ್ಲ.

ಬ್ರೌಸರ್ ತನ್ನನ್ನು ಪರಿಚಯಿಸಿಕೊಳ್ಳುವ ಯೂಸರ್ ಏಜೆಂಟ್ ಸಾಲಿನಲ್ಲಿ ಆಂಡ್ರಾಯ್ಡ್ ಮೊಬೈಲ್ ಎಂದು ಹೇಳಿಕೊಂಡೆವು. ತಾಣಗಳು ಮೊಬೈಲ್ ಪುಟ ಕಳಿಸಿದವು, ಗೋಡೆಯಷ್ಟು ಅಗಲಕ್ಕೆ ಹಿಗ್ಗಿದ ಮೊಬೈಲ್ ಪುಟ. ಮೇಲೆ "ಆ್ಯಪ್‌ನಲ್ಲಿ ತೆರೆಯಿರಿ" ಎಂಬ ಪಟ್ಟಿ. ಹೆಡ್‌ಸೆಟ್‌ನಲ್ಲಿ ಆ ಆ್ಯಪ್ ಇರಲೇ ಇಲ್ಲ. ಡೆಸ್ಕ್‌ಟಾಪ್ ಎಂದು ಹೇಳಿಕೊಂಡರೆ ಮೌಸ್ ತಾಗಿಸಿದಾಗಷ್ಟೇ ತೆರೆಯುವ ಕಡ್ಡಿಯಂಥ ಮೆನುಗಳು. ಕೊನೆಗೆ ಯಾವ ತಾಣಕ್ಕೆ ಏನೆಂದು ಹೇಳಬೇಕು ಎಂಬ ಪಟ್ಟಿಯೊಂದನ್ನು ಕೈಯಾರೆ ಸಾಕಬೇಕಾಯಿತು. ಫೈರ್‌ಫಾಕ್ಸ್ ರಿಯಾಲಿಟಿಯ ಕೋಡ್‌ನಲ್ಲೂ ಅಂಥದೇ ಪಟ್ಟಿ ಇತ್ತು. ಅದನ್ನು ಮೊದಲ ಸಲ ನೋಡಿದಾಗ ಇದೆಂಥ ಒರಟು ಕೆಲಸ ಎಂದು ಮೂಗು ಮುರಿದು ಅಳಿಸಿಹಾಕಿದವನು ನಾನೇ.

7. ಪುಟಕ್ಕೆ ಇಡೀ ಜಗತ್ತು ಬಿಟ್ಟುಕೊಡುವ ಮುನ್ನ ಹಿಂಜರಿಯಿರಿ.

ಸಾಮಾನ್ಯ ಬ್ರೌಸರ್‌ನಲ್ಲಿ ವಿಳಾಸಪಟ್ಟಿ ಪುಟದ ಕೈಗೆ ಸಿಗುವುದಿಲ್ಲ. ಕಿಟಕಿ ಬಿಟ್ಟು ಇಡೀ ನೋಟವನ್ನು ಆವರಿಸುವ ಇಮ್ಮರ್ಸಿವ್ ಸ್ಥಿತಿಗೆ ಹೋದ ಪುಟಕ್ಕೆ ಎಲ್ಲ ದಿಕ್ಕುಗಳೂ ಸ್ವಂತ. ನಮ್ಮ ಬ್ರೌಸರ್‌ನ ಕೋಣೆ, ಕಿಟಕಿ, ವಿಳಾಸಪಟ್ಟಿ, ಪಾಸ್‌ವರ್ಡ್ ಪೆಟ್ಟಿಗೆ, ಎಲ್ಲವನ್ನೂ ಅದು ನಕಲು ಬಿಡಿಸಬಲ್ಲದು. ಪುಟಗಳು ಹೆಡ್‌ಸೆಟ್ ಬಳಸುವ ರೀತಿಯನ್ನು ಗೊತ್ತುಮಾಡುವ ವೆಬ್‌ಎಕ್ಸ್‌ಆರ್ ನಿಯಮಗಳು ಬಳಸುವವರು ಸ್ವತಃ ಒತ್ತದೆ ಆ ಸ್ಥಿತಿಗೆ ಹೋಗಬಾರದು ಎನ್ನುವುದು ಅದಕ್ಕೇ. ಡೆಮೊ ಚುರುಕಾಗಿ ಕಾಣಲಿ ಎಂದು ನಾನು ಆ ತಡೆಯನ್ನು ತೆಗೆದಿಟ್ಟಿದ್ದೆ, ಹಾಕಲು ಮರೆತಿದ್ದೆ. ಬೇರೊಬ್ಬರು ಕೋಡ್ ಓದುವಾಗ ಸಿಕ್ಕಿಬಿದ್ದೆ, ಪುಣ್ಯಕ್ಕೆ.

ತಲೆ ಮತ್ತು ಕೈಗಳ ಚಲನೆ ಬರೀ ಅಂಕಿಗಳು, ಅದರಲ್ಲೇನು ಗುಟ್ಟು ಎಂಬ ನನ್ನ ಉಡಾಫೆಯೂ ಉಳಿಯಲಿಲ್ಲ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರಿದ್ದ ತಂಡವೊಂದು 2023ರಲ್ಲಿ ಬೀಟ್ ಸೇಬರ್ ಎಂಬ ವಿಆರ್ ಆಟದ 50 ಸಾವಿರಕ್ಕೂ ಹೆಚ್ಚು ಆಟಗಾರರ ಚಲನೆಯನ್ನು ಪರಿಶೀಲಿಸಿತು; 100 ಸೆಕೆಂಡಿನ ಚಲನೆ ಸಿಕ್ಕರೆ ಅಷ್ಟು ಜನರ ನಡುವೆ ಅದು ಯಾರದೆಂದು ಶೇ. 94ರಷ್ಟು ನಿಖರವಾಗಿ ಗುರುತಿಸಬಹುದೆಂದು ತೋರಿಸಿತು. ಆಪಲ್‌ನ ವಿಷನ್ ಪ್ರೊ ಹೆಡ್‌ಸೆಟ್‌ನಲ್ಲಿ ಕಣ್ಣು ಎಲ್ಲಿ ನೆಟ್ಟಿದೆ ಎಂಬುದನ್ನು ಪುಟಕ್ಕೆ ಕೊಡದೆ, ಬೆರಳು ಚಿವುಟಿದ ಕ್ಷಣದ ಗುರಿಯನ್ನಷ್ಟೇ ಕೊಡುತ್ತಾರೆ. ಆ ಜಿಪುಣತನ ಸರಿ ಎಂದು ಈಗ ನನ್ನ ಅಭಿಪ್ರಾಯ.

8. ನಿಮ್ಮ ಕೆಳಗಿನ ನೆಲ ಸರಿಯುತ್ತಲೇ ಇರುತ್ತದೆ.

ಪುಟದಲ್ಲಿ ಮೂರು ಆಯಾಮದ ಚಿತ್ರ ಬಿಡಿಸುವ ವೆಬ್‌ಜಿಎಲ್‌ಗೆ ಬುನಾದಿ ಹಾಕಿದ್ದ ಮೊಜಿಲ್ಲಾದ ವ್ಲಾಡಿಮಿರ್ ವುಕಿಚೆವಿಚ್ 2014ರಲ್ಲಿ ವೆಬ್‌ಎಕ್ಸ್‌ಆರ್‌ಗಿಂತ ಮುಂಚಿನ ವೆಬ್‌ವಿಆರ್‌ನ ಕೆಲಸಕ್ಕೂ ಚಾಲನೆ ಕೊಟ್ಟಿದ್ದರು. ನಾವು ಅದರ ಮೇಲೆ ಬರೆದದ್ದೆಲ್ಲ ವೆಬ್‌ಎಕ್ಸ್‌ಆರ್ ಬಂದಾಗ ಹಳತಾಯಿತು; 2019ರ ಡಿಸೆಂಬರ್‌ನಲ್ಲಿ ಕ್ರೋಮ್ 79 ಹೊಸದನ್ನು ಹೊತ್ತು ಬಂತು. ಅದೇ ವರ್ಷ ಗೂಗಲ್ ತನ್ನ ವಿಆರ್ ವೇದಿಕೆ ಡೇಡ್ರೀಮ್ ಅನ್ನು ಕೈಬಿಟ್ಟಿತು. 2022ರ ಫೆಬ್ರವರಿಯಲ್ಲಿ ಮೊಜಿಲ್ಲಾ ಫೈರ್‌ಫಾಕ್ಸ್ ರಿಯಾಲಿಟಿಯನ್ನೇ ನಿಲ್ಲಿಸುವುದಾಗಿ ಹೇಳಿತು. ಕೋಡ್ ಮುಕ್ತವಾಗಿದ್ದರಿಂದ ಕಥೆ ಅಲ್ಲಿಗೆ ಮುಗಿಯಲಿಲ್ಲ. ಸ್ಪೇನ್‌ನ ಗಲೀಸಿಯಾದ ಇಗಾಲಿಯಾ, ನೌಕರರೇ ಒಡೆಯರಾಗಿರುವ ಸಂಸ್ಥೆ, ಅದನ್ನು ವೋಲ್ವಿಕ್ ಎಂಬ ಹೆಸರಿನಲ್ಲಿ ಮುಂದುವರಿಸಿತು. ಮುಂದೆ ವೋಲ್ವಿಕ್ ಕ್ರೋಮಿಯಂ ಎಂಜಿನ್‌ನ ಆವೃತ್ತಿಯನ್ನೂ ತಂದಿತು. ನಮ್ಮ ಕೋಡ್‌ನಲ್ಲಿ ಗೆಕ್ಕೊದ ಹೆಸರು ಮೂಲೆಮೂಲೆಯಲ್ಲೂ ಹರಡಿಕೊಂಡಿದ್ದರಿಂದ ಎಂಜಿನ್ ಬದಲಿಸುವ ಯೋಚನೆಯೇ ನಮಗೆ ಜ್ವರ ತರಿಸಿತು. ಎಂಜಿನ್ ಮತ್ತು ಕಿಟಕಿಯ ನಡುವೆ ತೆಳುವಾದ ಒಂದು ಗೋಡೆ ಎತ್ತಿ, ಆಚೆಯವರ ಹೆಸರು ಈಚೆ ಬರದಂತೆ ನೋಡಿಕೊಂಡಿದ್ದರೆ ಸಾಕಿತ್ತು.

ನಿಮ್ಮಲ್ಲಿ ಹೆಡ್‌ಸೆಟ್ ಇದ್ದರೆ ಒಂದು ಕೋರಿಕೆ. ನೀವು ದಿನವೂ ಓದುವ ಕನ್ನಡ ತಾಣವೊಂದನ್ನು ಅದರಲ್ಲಿ ತೆರೆಯಿರಿ. ಒತ್ತು ಕತ್ತರಿಸಿಹೋಗಿದ್ದರೆ, ಧ ಹೋಗಿ ದ ಆಗಿದ್ದರೆ, ಹೆಡ್‌ಸೆಟ್‌ನ ಹೆಸರು, ಬ್ರೌಸರ್‌ನ ಆವೃತ್ತಿ ಮತ್ತು ಪುಟದ ವಿಳಾಸ ಬರೆದು ಆ ಬ್ರೌಸರ್ ಮಾಡಿದವರಿಗೆ ಕಳಿಸಿ. ವೋಲ್ವಿಕ್‌ನಂಥ ಮುಕ್ತ ಯೋಜನೆಗಳಲ್ಲಿ ಇಂಥ ದೂರುಗಳನ್ನು ಯಾರು ಬೇಕಾದರೂ ದಾಖಲಿಸಬಹುದು. ಕನ್ನಡ ಬಾರದ ಎಂಜಿನಿಯರ್‌ಗೆ ಆ ಸೀಳು ಮುಚ್ಚಿಹೋಗಿದೆ ಎಂದು ತಾನಾಗಿ ತಿಳಿಯುವ ದಾರಿಯಿಲ್ಲ.